ಅಗಲ ನೋಟದ ಲೆನ್ಸು: ಚೀಟಿ ದುಡ್ಡು ಕೊಡುವ ಮುಂಚೆ



ಹೋದ ಸಂಚಿಕೆಯ ಮಾವಿನಮಿಡಿ ಉಪ್ಪಿನಕಾಯಿಗೆ ಬಂದ ಕಾಗದಗಳ ನಡುವೆ ಒಂದು ಬೇರೆಯೇ ತರಹದ ಕಾಗದ ಇತ್ತು. ಬರೆದಾಕೆ ಒಬ್ಬ ತಾಯಿ. ಮಗಳು ಬಿ.ಕಾಂ. ಮುಗಿಸಿ, ಊರಲ್ಲಿ ನಾಮಕರಣ, ಸೀಮಂತ, ಗೃಹಪ್ರವೇಶಗಳಿಗೆ ಫೋಟೋ ತೆಗೆದು ನಾಲ್ಕು ಕಾಸು ಸಂಪಾದಿಸುತ್ತಾಳಂತೆ. ಈಗ ಅವಳಿಗೆ ಅಲ್ಟ್ರಾ ವೈಡ್ ಲೆನ್ಸು ಬೇಕಂತೆ, ಅಗ್ಗದ್ದೇ ಆದರೂ ಸಾಕಂತೆ. "ಎರಡು ವರ್ಷ ಕಟ್ಟಿದ ಚೀಟಿ ಎತ್ತಿದ್ದೇನೆ. ನಮ್ಮ ಮನೆಯವರು ಆ ದುಡ್ಡಿಗೆ ಉಂಗುರ ಮಾಡಿಸಿಡು, ಇವಳ ಮದುವೆಗಾಗುತ್ತೆ ಅಂತಾರೆ. ನೀವೇನು ಹೇಳ್ತೀರಿ?" ಎಂದು ಕೇಳಿದ್ದಾರೆ.

ಅಡಿಗೆ ಬರೆಯುವವಳಿಗೆ ಲೆನ್ಸಿನ ಉಸಾಬರಿ ಯಾಕೆ ಅಂತ ನಗಬೇಡಿ. ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತರೂ ನನ್ನ ಮೈದುನನದು ಸ್ಟುಡಿಯೋ. ಅವನ ಲೆನ್ಸನ್ನು ರಂಗೋಲಿ ಸ್ಪರ್ಧೆಯ ದಿನ ನಾನೇ ಹಿಡಿದದ್ದೂ ಉಂಟು.

ಮೊದಲು, ಇದೇನು ಅಂತ ತಿಳಿಯೋಣ. ಕ್ಯಾಮೆರಾ ಕೊಂಡಾಗ ಜೊತೆಗೆ ಸಾಮಾನ್ಯವಾಗಿ 18-55 ಎಂಬ ಲೆನ್ಸು ಕೊಡುತ್ತಾರೆ. ಆ ಅಂಕಿ ಮಿಲಿಮೀಟರಿನದು. ಅಂಕಿ ಸಣ್ಣದಾದಷ್ಟೂ ನೋಟ ಅಗಲ. ಕ್ಯಾನನ್ ಕ್ಯಾಮೆರಾದಲ್ಲಿ 18ಕ್ಕೆ ಇಟ್ಟರೆ ಮೂಲೆಯಿಂದ ಮೂಲೆಗೆ ಸುಮಾರು 74 ಡಿಗ್ರಿ ಕಾಣುತ್ತದೆ, 10ಕ್ಕೆ ಇಟ್ಟರೆ 107 ಡಿಗ್ರಿ. ಕೋಣೆಯ ಮೂಲೆಗೆ ಬೆನ್ನು ಕೊಟ್ಟು ನಿಂತು ತೆಗೆದರೆ ಎಡಗಡೆ ಗೋಡೆ, ಬಲಗಡೆ ಗೋಡೆ ಎರಡೂ ಚಿತ್ರದೊಳಗೆ ಬರುತ್ತವೆ.

ಹಿಂದೆ ಇಂಥದ್ದು ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. 2004ರಲ್ಲಿ ಕ್ಯಾನನ್‌ನವರು ತಂದ 10-22 ಲೆನ್ಸು ದುಬಾರಿಯಾಗಿತ್ತು. 2014ರಲ್ಲಿ ಅವರೇ 10-18 ಎಂಬುದನ್ನು ಸುಮಾರು 300 ಡಾಲರಿಗೆ ತಂದರು. 2017ರಲ್ಲಿ ನಿಕಾನ್‌ನವರ 10-20 ಬಂತು. ಮಗಳು ಕೇಳುತ್ತಿರುವುದು ಬಹುಶಃ ಇಂಥದ್ದನ್ನೇ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ದೇವರ ಕೋಣೆ, ತೊಟ್ಟಿಲು ಕಟ್ಟುವ ನಡುಮನೆ ಎಷ್ಟು ದೊಡ್ಡವು, ನಿಮಗೇ ಗೊತ್ತು. ಫೋಟೋದವರು ಹಿಂದೆ ಹಿಂದೆ ಹೋಗಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಅತ್ತೆಯೋ ಸೋದರಮಾವನೋ ಹೊರಗೇ ಉಳಿಯುತ್ತಾರೆ. ಅಲ್ಲಿ ಈ ಲೆನ್ಸಿಗೆ ಸಾಟಿಯಿಲ್ಲ. ಕ್ಯಾನನ್ 10-18ರ ತೂಕ 240 ಗ್ರಾಂ, ಕಾಲು ಕೇಜಿ ಸಕ್ಕರೆಗಿಂತ ಕಮ್ಮಿ. ಕೈ ನಡುಕ ತಡೆಯುವ ವ್ಯವಸ್ಥೆಯೂ ಇದೆ. 22 ಸೆಂಟಿಮೀಟರಿನಷ್ಟು ಹತ್ತಿರದ ವಸ್ತುವೂ ಸ್ಪಷ್ಟವಾಗಿ ಬರುತ್ತದೆ. ರಂಗೋಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ತೆಗೆದರೆ ಮುಂದಿನ ಎಸಳು ದೊಡ್ಡದಾಗಿ, ಹಿಂದೆ ಹೊಸ್ತಿಲು, ಬಾಗಿಲ ತೋರಣ ಎಲ್ಲಾ ಸೇರಿ ನೋಡಲು ಬಲು ಚಂದ.

ಇನ್ನು ಕುಂದುಗಳು. ಇವನ್ನು ಎರಡು ಪಾಲು ಮಾಡಿ ನೋಡಬೇಕು: ಅಗ್ಗಕ್ಕೆ ಬಂದ ಕುಂದು ಯಾವುದು, ಅಗಲಕ್ಕೆ ಬಂದ ಕುಂದು ಯಾವುದು ಅಂತ.

ಅಗ್ಗದಿಂದ ಬಂದದ್ದರಲ್ಲಿ ಮುಖ್ಯ, ಬೆಳಕು. ಇವುಗಳ ಮೇಲೆ ಎಫ್/4.5 ಎಂದಿರುತ್ತದೆ. ಎಫ್/2.8 ಇರುವ ದುಬಾರಿ ಲೆನ್ಸು ಇದರ ಎರಡೂವರೆ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹಗಲು ಅಂಗಳದಲ್ಲಿ ಇದು ಗೊತ್ತೇ ಆಗುವುದಿಲ್ಲ. ಸಂಜೆ ಆರತಿ ಹೊತ್ತಿಗೆ ಗೊತ್ತಾಗುತ್ತೆ. ನಡುಕ ತಡೆಯುವ ವ್ಯವಸ್ಥೆ ನಿಮ್ಮ ಕೈಯನ್ನು ನಿಲ್ಲಿಸೀತೇ ಹೊರತು ಓಡಾಡುವ ಮಗುವನ್ನು ನಿಲ್ಲಿಸಲಾರದು. ಫ್ಲಾಶ್ ಇದೆಯಲ್ಲ ಅಂದೀರಿ. ಕ್ಯಾಮೆರಾದಲ್ಲೇ ಇರುವ ಫ್ಲಾಶಿನ ಬೆಳಕು ಇಷ್ಟು ಅಗಲಕ್ಕೆ ಹರಡುವುದಿಲ್ಲ, ನಡುವೆ ಬೆಳ್ಳಗೆ, ಮೂಲೆ ಕಪ್ಪಗೆ ಆಗುತ್ತದೆ. ಮೇಲೆ ಸಿಕ್ಕಿಸುವ ಫ್ಲಾಶನ್ನು ಬಿಳಿ ತಾರಸಿಯ ಕಡೆ ತಿರುಗಿಸಿ ಹೊಡೆಯಬೇಕು.

ಕ್ಯಾನನ್ 10-18ರಲ್ಲಿ ಕ್ಯಾಮೆರಾಕ್ಕೆ ಸೇರುವ ಬಳೆ ಪ್ಲಾಸ್ಟಿಕ್ಕಿನದು. ಜೋಪಾನವಾಗಿ ಹಾಕಿ ತೆಗೆಯಬೇಕು. ಚಿತ್ರದ ಅಂಚುಗಳು ನಡುವಿನಷ್ಟು ಚೊಕ್ಕ ಇರುವುದಿಲ್ಲ. ಒಂದೇ ಸೌಟು ಹಿಟ್ಟನ್ನು ಕಾವಲಿ ತುಂಬ ಎಳೆದರೆ ದೋಸೆಯ ಅಂಚು ತೆಳ್ಳಗಾಗುವುದಿಲ್ಲವೇ, ಹಾಗೇ ಅನ್ನಿ.

ಅಗಲದಿಂದ ಬಂದ ಕುಂದು ಬೇರೆ. ಅದು ಲಕ್ಷ ರೂಪಾಯಿಯ ಲೆನ್ಸಿನಲ್ಲೂ ಇದ್ದದ್ದೇ. ಅಂಚಿನಲ್ಲಿ ನಿಂತವರು ಪಕ್ಕಕ್ಕೆ ಎಳೆದಂತೆ ಕಾಣುತ್ತಾರೆ. ಗುಂಪು ಫೋಟೋದಲ್ಲಿ ಅಂಚಿಗೆ ಬಂದು ನಿಲ್ಲುವವರು ಯಾರು ಹೇಳಿ? ಬಡಿಸಿ, ಕೈ ತೊಳೆದು, ಸೆರಗು ಸರಿ ಮಾಡಿಕೊಳ್ಳುತ್ತಾ ಕೊನೆಗೆ ಓಡಿಬರುವ ನಾವೇ! ಸ್ವಲ್ಪ ಮೈ ತುಂಬಿದವರಾದರಂತೂ ಆ ಆಲ್ಬಮ್ಮು ನೋಡಿ ಫೋಟೋದವಳನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಆದ್ದರಿಂದ ಮಗಳಿಗೆ ಹೇಳಿ: ಅಂಚಿನಲ್ಲಿ ಕಂಬವೋ ಬಾಳೆಕಂದೋ ಇರಲಿ, ಜನರನ್ನು ನಡುವೆ ಸೇರಿಸಲಿ. ಮುಖದ ಹತ್ತಿರ ಹೋಗದಿರಲಿ, ಹೋದರೆ ಮೂಗು ದಪ್ಪ ಬರುತ್ತೆ. ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಬಾಗಿಲ ಚೌಕಟ್ಟುಗಳು ಬೀಳುವ ಹಾಗೆ ಓರೆಯಾಗುತ್ತವೆ, ನೇರ ಹಿಡಿಯಲಿ.

ಮೊಬೈಲಿನಲ್ಲಿ 0.5 ಅಂತ ಒತ್ತಿದರೂ ಅಗಲ ಬರುತ್ತಲ್ಲ ಎಂದು ಕೆಲವರು ಕೇಳಬಹುದು. ಬರುತ್ತೆ, ನಮ್ಮ ನಿಮ್ಮ ಮನೆಯ ಉಪಯೋಗಕ್ಕೆ ಸಾಕೂ ಹೌದು. ಆದರೆ ಅನೇಕ ಅಗ್ಗದ ಫೋನುಗಳಲ್ಲಿ ಆ ಅಗಲದ ಕಣ್ಣು ಮುಖ್ಯ ಕಣ್ಣಿಗಿಂತ ಬಡವು. ರಾತ್ರಿ ಹೊತ್ತು ಮಸುಕು. ದುಡ್ಡು ತೆಗೆದುಕೊಂಡು ಕೊಡುವ ಆಲ್ಬಮ್ಮಿಗೆ ಆಗದು.

ಈಗ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅಂಗಡಿಗೆ ಹೋಗುವ ಮುಂಚೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ಮೂರು ಸಮಾರಂಭಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಎಷ್ಟು ಮಿಲಿಮೀಟರಿನಲ್ಲಿ ತೆಗೆದದ್ದು ಅಂತ ಕ್ಯಾಮೆರಾ ಪ್ರತಿ ಚಿತ್ರದ ವಿವರದಲ್ಲೂ ಬರೆದಿಟ್ಟಿರುತ್ತದೆ. ಹೆಚ್ಚು ಚಿತ್ರಗಳು 18ರಲ್ಲೇ ಇದ್ದು, ಜನ ಹೊರಗೆ ಉಳಿದಿದ್ದರೆ ಅವಳು ಕೇಳುವುದು ನ್ಯಾಯ. ಹೆಚ್ಚಿನವು 40, 50ರಲ್ಲಿದ್ದು ಸಂಜೆಯವು ಮಸುಕಾಗಿದ್ದರೆ ಅವಳಿಗೆ ಬೇಕಾದದ್ದು ಅಗಲವಲ್ಲ, ಬೆಳಕು. ಆಗ 50 ಮಿಲಿಮೀಟರಿನ ಎಫ್/1.8 ಲೆನ್ಸು ಮೊದಲು ಬರಲಿ. ಅದು ಸಾಮಾನ್ಯವಾಗಿ ಇದಕ್ಕಿಂತ ಅಗ್ಗ.

ಕೊಳ್ಳುವುದೇ ಆದರೆ ಇಷ್ಟು ನೆನಪಿಡಿ:

1. ಲೆನ್ಸು ನಿಮ್ಮ ಕ್ಯಾಮೆರಾಕ್ಕೆ ಹೊಂದಬೇಕು. ನಿಕಾನ್ 10-20 ಹಾಕಿದರೆ ಕೆಲವು ಹಳೆಯ ನಿಕಾನ್ ಕ್ಯಾಮೆರಾಗಳಲ್ಲಿ ಫೋಕಸ್ಸೇ ಆಗುವುದಿಲ್ಲ. ಕನ್ನಡಿಯಿಲ್ಲದ ಹೊಸ ಕ್ಯಾನನ್ ಆರ್ ಕ್ಯಾಮೆರಾಗಳಿಗೆ 2023ರಲ್ಲಿ ಬಂದ 10-18 ಬೇರೆ, 2014ರದ್ದು ಬೇರೆ.

2. ಸ್ಯಾಮ್‌ಯಾಂಗ್ 14 ಎಫ್/2.8 ಅಂತ ಇನ್ನೊಂದು ಸಿಗುತ್ತದೆ. ಬೆಳಕು ಚೆನ್ನಾಗಿದೆ. ಆದರೆ ಅದರ ಹಳೆಯ ಮಾದರಿಗೆ ಫೋಕಸ್ ಕೈಯಿಂದಲೇ ತಿರುಗಿಸಬೇಕು, ನೆಟ್ಟಗಿನ ಗೆರೆ ಮೀಸೆಯ ಹಾಗೆ ಡೊಂಕಾಗುತ್ತೆ. ನಕ್ಷತ್ರ ತೆಗೆಯುವವರಿಗೆ ಸರಿ, ನಾಮಕರಣಕ್ಕೆ ಬೇಡ.

3. ಸೆಕೆಂಡ್ ಹ್ಯಾಂಡ್ ಆದರೆ ಬೆಳಕಿಗೆ ಹಿಡಿದು ಒಳಗಿನ ಗಾಜಿನಲ್ಲಿ ಬೂಷ್ಟು ಇದೆಯೇ ನೋಡಿ. ಇಟ್ಟಿಗೆ ಗೋಡೆಯ ಎದುರು ನೇರ ನಿಂತು ಫೋಟೋ ತೆಗೆದು ನಾಲ್ಕೂ ಮೂಲೆ ಹೋಲಿಸಿ. ಒಂದೇ ಮೂಲೆ ತೀರಾ ಮಸುಕಾಗಿದ್ದರೆ ವಾಪಸು ಕೊಡಿ.

4. ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಹಪ್ಪಳದ ಡಬ್ಬಿ ಕಾಯುವ ನಮಗೆ ಇದೇನು ಹೊಸದಲ್ಲ.

5. ಪರಿಚಯದ ಸ್ಟುಡಿಯೋದಲ್ಲಿ ಒಂದು ದಿನಕ್ಕೆ ಕೇಳಿ ತಂದು, ಒಂದು ಸಮಾರಂಭ ಮುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನು ಉಂಗುರದ ಮಾತು. ಬಂಗಾರ ಕಷ್ಟಕಾಲಕ್ಕೆ ಆಗುತ್ತೆ, ನಿಮ್ಮ ಯಜಮಾನರು ಹೇಳುವುದು ಸುಳ್ಳಲ್ಲ. ಲೆನ್ಸು ಅಂಗಡಿ ದಾಟಿದ ದಿನವೇ ಬೆಲೆ ಇಳಿಯುತ್ತೆ. ಆದರೆ ಮಗಳ ಹತ್ತಿರ ಆಗಲೇ ಕೆಲಸವಿದೆ, ಕರೆಯುವ ಜನರಿದ್ದಾರೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಅವಳ ಮಾತು ನಿಜವಾದರೆ ಅರ್ಧ ದುಡ್ಡು ನೀವು ಕೊಡಿ, ಉಳಿದರ್ಧ ಅವಳು ದುಡಿದು ಹಾಕಲಿ. ಬಿಲ್ಲು ಅವಳ ಹೆಸರಲ್ಲೇ ಇರಲಿ. ಮದುವೆಯಾಗಿ ಹೋದರೂ ಆ ಕಸುಬು ಅವಳ ಜೊತೆ ಹೋಗುತ್ತದೆ, ಅದನ್ನು ಮನೆಯವರಿಗೆ ನಿಧಾನವಾಗಿ ತಿಳಿಸಿ ಹೇಳಿ.

ಏನಾಯಿತೆಂದು ಮರೆಯದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಲಸಿನ ಹಪ್ಪಳ ಮುರಿಯದಂತೆ ಒಣಗಿಸುವ ಬಗೆ.