ಬೇರಿನ ಪಂಚಾಂಗ

ಮರ ಬೆಳೆಯಿತೇ ಎಂದು ತಿಳಿಯಲು ಜನ ಕೊಂಬೆಯತ್ತ ನೋಡುತ್ತಾರೆ. ಗುಡ್ಡವನ್ನು ಹಿಡಿದಿಡುವುದು ಕೊಂಬೆಯಲ್ಲ, ಬೇರು. ಅದರ ಬೆಳವಣಿಗೆಯ ಪಂಚಾಂಗ ಋತುವಿನೊಡನೆ ಮಾತ್ರವಲ್ಲ, ನೆಲದ ಎತ್ತರದೊಡನೆಯೂ ಬದಲಾಗುತ್ತದೆ.

ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತಂಪು ನೆಲದಲ್ಲಿ ತರಗೆಲೆ ನಿಧಾನವಾಗಿ ಕೊಳೆಯುತ್ತದೆ. ಮಣ್ಣಿಗೆ ಸಾರವೂ ನಿಧಾನವಾಗಿಯೇ ಸೇರುತ್ತದೆ. ಅದನ್ನು ಹುಡುಕಿ ಹೀರಲು ಎತ್ತರದ ಮರಗಳು ತಗ್ಗಿನ ಮರಗಳಿಗಿಂತ ತಮ್ಮ ಗಳಿಕೆಯ ಹೆಚ್ಚಿನ ಪಾಲನ್ನು ಬೇರಿಗೆ ವ್ಯಯಿಸುತ್ತವೆ. ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿಗಳ ಮಡಿಲಿನ ಶೋಲಾ ಮರಗಳು ಕುಳ್ಳಗಿರುವುದನ್ನು ಕಂಡು ಬಡಕಾಡೆಂದು ತೀರ್ಮಾನಿಸುವವರು ಮಣ್ಣಿನೊಳಗಿನ ಲೆಕ್ಕವನ್ನು ಮರೆಯುತ್ತಾರೆ.

ಹಿಮಾಲಯದ ಮರರೇಖೆಯಲ್ಲಿ ಮಣ್ಣಿನ ಉಷ್ಣತೆ 5 ಡಿಗ್ರಿಯ ಆಸುಪಾಸಿಗೆ ಇಳಿದಾಗ ಬೇರಿನ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ಸಹ್ಯಾದ್ರಿಯಲ್ಲಿ ಅಡ್ಡಿಯಾಗುವುದು ಚಳಿಯಲ್ಲ, ನೀರು. ಮುಂಗಾರಿನ ಮೊದಲ ಮಳೆಗೆ ಬೆಚ್ಚನೆಯ ನೆಲ ತೇವಗೊಂಡಾಗ ಎಳೆಬೇರು ಚುರುಕಾಗುತ್ತದೆ. ಆಷಾಢದ ಜಡಿಮಳೆಯಲ್ಲಿ ನೀರು ನಿಂತೆಡೆ ಬೇರಿಗೆ ಉಸಿರಾಟವೇ ಕಷ್ಟ. ಮಳೆ ಹಿಂದೆಗೆದ ಮೇಲೆ, ತೇವ ಉಳಿದಿರುವಷ್ಟು ದಿನ, ಮತ್ತೊಂದು ಅವಕಾಶ. ಬೇಸಗೆಯಲ್ಲಿ ಮೇಲ್ಮಣ್ಣಿನ ಎಳೆಬೇರುಗಳಲ್ಲಿ ಅನೇಕವು ಒಣಗಿಹೋಗುತ್ತವೆ.

1950ರಲ್ಲಿ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವ ಬಳ್ಳಾರಿಗೂ ಆಗುಂಬೆಗೂ ಜುಲೈ ಮೊದಲ ವಾರದಲ್ಲೇ ಬರುತ್ತದೆ. ಬಯಲುಸೀಮೆಗೆ ಅದು ಸರಿಯಿರಬಹುದು. ಘಟ್ಟದ ಇಳಿಜಾರಿನಲ್ಲಿ ಅಷ್ಟರಲ್ಲಿ ಸಸಿಯು ಮಣ್ಣು ಹಿಡಿದಿರಬೇಕು. ಹೊಸದಾಗಿ ಅಗೆದ ಗುಂಡಿಯ ಸಡಿಲ ಮಣ್ಣು ಆ ಮಳೆಗೆ ನಿಲ್ಲುವುದಿಲ್ಲ. (ಭಾವಚಿತ್ರಕ್ಕೆ ಮಾತ್ರ ಜುಲೈ ಅನುಕೂಲ.)

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಗುಡ್ಡಗಳು ಜರಿದಾಗ ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕಡಿದದ್ದು ಚರ್ಚೆಗೆ ಬಂತು. ಚರ್ಚೆಯಾಗಬೇಕಾದ ಇನ್ನೊಂದು ಸಂಗತಿಯಿದೆ. ಮರ ಕಡಿದ ದಿನವೇ ಗುಡ್ಡ ದುರ್ಬಲವಾಗುವುದಿಲ್ಲ. ಸತ್ತ ಬೇರು ಕೆಲವು ವರ್ಷ ಮಣ್ಣನ್ನು ಹಿಡಿದಿರುತ್ತದೆ. ಅದು ಕೊಳೆತು, ಹೊಸ ಬೇರು ಇನ್ನೂ ಬಲಿಯದಿರುವ ನಡುಗಾಲವೇ ಅಪಾಯದ್ದು. ಕಡಿದವನು ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ. ಹೊಣೆ ಮಳೆಯ ಮೇಲೆ ಬೀಳುತ್ತದೆ.

ಬೇರು ಎಲ್ಲವನ್ನೂ ತಡೆಯುತ್ತದೆಂದು ಹೇಳಲಾಗದು. ಬೇರು ತಲುಪದ ಆಳದಿಂದ ಜಾರುವ ಗುಡ್ಡಕ್ಕೆ ಶೋಲಾ ಕೂಡ ಕಾವಲಲ್ಲ. ಆದರೆ ಮೇಲ್ಪದರದ ಕುಸಿತಗಳಲ್ಲಿ ಬೇರಿನ ಹಿಡಿತವೇ ನಿರ್ಣಾಯಕ. ಆದ್ದರಿಂದ ಪ್ರತಿ ಗ್ರಾಮಸಭೆಯೂ ಕಳೆದ ಹತ್ತು ವರ್ಷಗಳಲ್ಲಿ ಮರ ಕಡಿದ ಇಳಿಜಾರುಗಳನ್ನು, ಅವುಗಳ ಕೆಳಗಿರುವ ಮನೆಗಳನ್ನು ಮೇ ತಿಂಗಳೊಳಗೆ ಪಟ್ಟಿ ಮಾಡಿಕೊಳ್ಳಬೇಕು. ಶಾಲಾ ಮಕ್ಕಳೂ ಕೈಜೋಡಿಸಬಹುದಾದ ಕೆಲಸವಿದು. ಕೊಳೆತ ಬುಡಗಳನ್ನು ಗುರುತಿಸಲು ಯಂತ್ರ ಬೇಕಿಲ್ಲ.