ಪುಸ್ತಕ ಕೊಡುವವರ ಸುಖ–ಬೇಸರ

ಎಸ್. ಆರ್. ರಂಗನಾಥನ್ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ನೀವು ಓದಿರುತ್ತೀರಿ. ಆದರೆ ಈ ಪಿತಾಮಹರಿಗೆ ಗ್ರಂಥಾಲಯದ ಕೆಲಸ ಮೊದಲು ಹಿಡಿಸಿರಲೇ ಇಲ್ಲ! ಮಂಗಳೂರು, ಕೊಯಮತ್ತೂರು, ಮದ್ರಾಸುಗಳಲ್ಲಿ ಗಣಿತ ಪಾಠ ಹೇಳುತ್ತಿದ್ದವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ವಿದ್ಯಾರ್ಥಿಗಳ ಗದ್ದಲವಿಲ್ಲದ ಆ ಮೌನಕ್ಕೆ ಬೇಸತ್ತು, ನನ್ನನ್ನು ಕಾಲೇಜಿಗೇ ವಾಪಸು ಕಳಿಸಿ ಎಂದು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಬನ್ನಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು. ಅಲ್ಲಿನ ಗ್ರಂಥಾಲಯಗಳು ಓದುಗರಿಗಾಗಿ ದುಡಿಯುವ ರೀತಿ ಕಂಡ ಮೇಲೆ ಅವರು ಕಾಲೇಜಿನ ಮಾತೆತ್ತಲಿಲ್ಲ. ಹಿಂತಿರುಗಿ, ಓದುಗರೇ ಕಪಾಟಿನಿಂದ ಪುಸ್ತಕ ಆರಿಸಿಕೊಳ್ಳುವ ಪದ್ಧತಿ ತಂದರು. 1931ರಲ್ಲಿ ಪಂಚಸೂತ್ರಗಳನ್ನು, 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಹುದ್ದೆ ಅದೇ, ಬೇಸರ ಮಾತ್ರ ಮಾಯ.

ಏಕೆ ಹೀಗೆ? ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗಿನ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ವಿಚಾರಿಸಿ, 1959ರಲ್ಲಿ ಒಂದು ಸ್ವಾರಸ್ಯದ ವಿಷಯ ಹೇಳಿದರು. ತೃಪ್ತಿ, ಅತೃಪ್ತಿಗಳು ಒಂದೇ ಥರ್ಮಾಮೀಟರಿನ ಎರಡು ತುದಿಗಳಲ್ಲ. ಎರಡಕ್ಕೂ ಬೇರೆ ಬೇರೆ ಥರ್ಮಾಮೀಟರು ಬೇಕು. ಸಂಬಳ, ಕೋಣೆ, ಮೇಲಧಿಕಾರಿ ಸರಿಯಿದ್ದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ತೃಪ್ತಿ ಹುಟ್ಟುವುದು ಕೆಲಸದೊಳಗಿನಿಂದ: ಸಾಧನೆ, ಮನ್ನಣೆ, ಹೊಣೆ. (ಆ ಬಳಿಕ ಅನೇಕರು ಇದನ್ನು ಪ್ರಶ್ನಿಸಿದ್ದೂ ಉಂಟು.)

ಇದನ್ನು ನಮ್ಮ ವಿಶ್ವವಿದ್ಯಾಲಯಗಳಿಗೆ ಅನ್ವಯಿಸಿ ನೋಡಿ. 1991ರಲ್ಲಿ ಇನ್‌ಫ್ಲಿಬ್‌ನೆಟ್ ಯೋಜನೆ ಶುರುವಾಯಿತು. ಅದರದೇ 'ಸೋಲ್' ತಂತ್ರಾಂಶ 2000ದಲ್ಲಿ ಬಂತು. ಕಾರ್ಡುಗಳ ಮರದ ಪೆಟ್ಟಿಗೆ ಮೂಲೆ ಸೇರಿತು. ವರ್ಷಗಟ್ಟಲೆ ಕಾರ್ಡು ಬರೆದು, ಯಾವ ಪುಸ್ತಕ ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳುತ್ತಿದ್ದವರ ವಿದ್ಯೆ ಈಗ ಒಂದು ಗುಂಡಿಯ ಕೆಲಸ. ಅಂಥವರಿಗೆ ಹೊಸ ಕುರ್ಚಿ, ಎ.ಸಿ. ಕೊಟ್ಟರೆ ಸೆಖೆ ಹೋದೀತು, ಹೋದ ಹೊಣೆ ಮರಳೀತೇ? ಬಾರ್‌ಕೋಡಿಗೆ ಬೆಳಕು ಹಾಯಿಸುವುದಷ್ಟೇ ಪಾಲಿಗೆ ಬಂದರೆ ಬೇಸರ ಸಹಜ. ಅದೇ, ಉಳಿದ ಸಮಯದಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಲೇಖನ ಹುಡುಕಿಕೊಡುವ ಹೊಣೆ ವಹಿಸಿದರೆ ಕೆಲಸ ದೊಡ್ಡದಾಗುತ್ತದೆ. ಯಂತ್ರ ಒಂದೇ, ಫಲ ಎರಡು. ತಂತ್ರಾಂಶ ಕೊಳ್ಳುವ ಮುನ್ನ ಸಿಬ್ಬಂದಿಯನ್ನು ಒಂದು ಮಾತು ಕೇಳುವುದಕ್ಕೆ ಖರ್ಚೂ ಇಲ್ಲ.

ಪೋಷಕರಲ್ಲಿ ಕೆಲವರು, ಪುಸ್ತಕ ಎತ್ತಿಕೊಡಲು ಡಿಗ್ರಿ ಬೇಕೇ ಎಂದು ಮೂಗು ಮುರಿಯುತ್ತಾರೆ. ವಾಪಸು ಕಳಿಸಿ ಎಂದಿದ್ದ ರಂಗನಾಥನ್ನರೇ 1962ರಲ್ಲಿ ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಇದಕ್ಕೆಂದೇ ಸಂಶೋಧನಾ, ತರಬೇತಿ ಕೇಂದ್ರ ತೆರೆದರು. ಇಂದಿಗೂ ಅಲ್ಲಿ ಈ ವಿಷಯದ ಸ್ನಾತಕೋತ್ತರ ಪಾಠ ನಡೆಯುತ್ತಿದೆ.