ಹಲ್ಲು ತಪ್ಪಿದ ಬೆಲ್ಟು, ಹುಡುಗನ ಪಗಾರ

ಪುಣೆ ಈಗ ಮೋಟಾರಿನ ಊರು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ ಹೂಡಿತು. ಆಮೇಲೆ ಆಕುರ್ಡಿಗೆ ಬಜಾಜ್, ಪಿಂಪ್ರಿಗೆ ಟಾಟಾ, 2009ರಲ್ಲಿ ಚಾಕಣಕ್ಕೆ ಫೋಕ್ಸ್‌ವ್ಯಾಗನ್ ಬಂದವು. ಹೋಟೆಲಿನ ಅಡಿಗೆಮನೆಯಲ್ಲಿ, ಗಿರಣಿಯ ಸಾಲುಗಳಲ್ಲಿ ದುಡಿದ ನಮ್ಮವರ ಮಕ್ಕಳಲ್ಲಿ ಕೆಲವರು ಇಂದು ಗ್ಯಾರೇಜಿನಲ್ಲಿ ಪಾನಾ ಹಿಡಿದಿದ್ದಾರೆ, ಕೆಲವರು ಸಾಲದ ಕಾರು ಕೊಂಡು ಟ್ಯಾಕ್ಸಿ ಓಡಿಸುತ್ತಿದ್ದಾರೆ. ಆದುದರಿಂದ ಇಂಜಿನಿನ ಮಾತು ನಮಗೆ ಸಂಬಂಧಿಸಿದ್ದಲ್ಲವೆಂದು ಯಾರೂ ಈ ಪುಟವನ್ನು ಮಡಚಿಡಬಾರದು.

ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಟರ್ಬೋ ಕಾರು ಮುಗ್ಗರಿಸತೊಡಗುತ್ತದೆ. ಒಂದು ಸಿಲಿಂಡರು ಉರಿಯುತ್ತದೆ, ಇನ್ನೊಂದು ತಪ್ಪುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದು ಮಿಸ್‌ಫೈರ್. ಮಾಲೀಕ ಮೊದಲು ಪ್ಲಗ್ ಬದಲಿಸೆನ್ನುತ್ತಾನೆ, ಆಮೇಲೆ ಕಾಯಿಲ್, ಆಮೇಲೆ ಇಂಜೆಕ್ಟರ್. ಬಿಲ್ಲು ಬೆಳೆಯುತ್ತದೆ, ಕಾರು ಮಾತ್ರ ಕೆಮ್ಮುತ್ತಲೇ ಇರುತ್ತದೆ. ಕೊನೆಗೆ ಬೆಲ್ಟ್ ಹಾಕಿದ ಹುಡುಗನ ತಲೆಯ ಮೇಲೆ ತಪ್ಪು ಬೀಳುತ್ತದೆ. ಟ್ಯಾಕ್ಸಿಯವನ ಕಂತು ನಿಲ್ಲುತ್ತದೆ, ಹುಡುಗನ ಪಗಾರ ಕಡಿತವಾಗುತ್ತದೆ. ಇಬ್ಬರೂ ನಮ್ಮವರೇ.

ಬೆಲ್ಟಿನ ಕೆಲಸವೇನೆಂದು ಗಿರಣಿಯಲ್ಲಿ ಮಗ್ಗ ನಡೆಸಿದವರಿಗೆ ಸುಲಭವಾಗಿ ತಿಳಿಯುತ್ತದೆ. ಸಾದಾ ಮಗ್ಗದಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ ಬಾಟಮ್ ಶಾಫ್ಟ್ ಒಂದು ಸುತ್ತು. ಇಂಜಿನಿನಲ್ಲಿಯೂ ಕ್ರ್ಯಾಂಕಿಗೆ ಎರಡು ಸುತ್ತಾದರೆ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿಗೆ ಒಂದು. ಹಾಸು ಬಾಯಿ ತೆರೆಯುವ ಮೊದಲೇ ಲಾಳಿ ನುಗ್ಗಿದರೆ ಎಳೆಗಳ ಗತಿ ಏನಾಗುವುದೋ ನಮ್ಮವರು ಕಂಡಿದ್ದಾರೆ. ಹಾಗೆಯೇ ಈ ಎರಡು ಶಾಫ್ಟುಗಳ ಹೊಂದಿಕೆ ತೀರ ತಪ್ಪಿದರೆ ಎಷ್ಟೋ ಇಂಜಿನುಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ. ಹೋಟೆಲಿನ ರುಬ್ಬುವ ಯಂತ್ರದ ಬೆಲ್ಟು ಜಾರಿದರೆ ಹಿಟ್ಟು ತಡವಾದೀತು, ಅಷ್ಟೇ. ಈ ಬೆಲ್ಟಿಗೆ ಹಲ್ಲುಗಳಿವೆ. ಒಂದೇ ಹಲ್ಲು ತಪ್ಪಿದರೂ ಇಂಜಿನಿನ ಉಸಿರು ಕೆಡುತ್ತದೆ. ಚಾಕಣದಲ್ಲಿ ತಯಾರಾಗುವ ಟೈಗುನ್, ಕುಶಾಕ್ ಕಾರುಗಳ ಒಂದು ಲೀಟರಿನ ಟರ್ಬೋ ಇಂಜಿನಿಗಿರುವುದೂ ಹಲ್ಲಿನ ಬೆಲ್ಟೇ. ಅದಕ್ಕೆ ಮೂರೇ ಸಿಲಿಂಡರು. ಒಂದು ಕೈಕೊಟ್ಟರೆ ಮೂರರಲ್ಲೊಂದು ಪಾಲು ಬಲ ಹೋದಂತೆ.

ಹಾಗೆಂದು ಬೆಲ್ಟ್ ಹಾಕಿದ ಮೇಲೆ ಬಂದ ದೋಷವೆಲ್ಲ ಬೆಲ್ಟಿನದೇ ಎನ್ನುವುದೂ ಸರಿಯಲ್ಲ. ಬೆಲ್ಟಿನವರೆಗೆ ಕೈ ಹೋಗಬೇಕಾದರೆ ಎಷ್ಟೋ ವೈರುಗಳನ್ನು, ಗಾಳಿಯ ಕೊಳವೆಗಳನ್ನು ಬಿಚ್ಚಬೇಕಾಗುತ್ತದೆ. ಒಂದು ಕನೆಕ್ಟರ್ ಪೂರ್ತಿ ಕೂರದಿದ್ದರೂ ಸಾಕು. ಆದುದರಿಂದ ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ ಎಂಬುದೇ ನ್ಯಾಯವಾದ ಕ್ರಮವೆಂದು ನಾವು ತಿಳಿಯುತ್ತೇವೆ.

ಮೊದಲು, ಕೈಯಿಟ್ಟ ಜಾಗವನ್ನೆಲ್ಲ ಮತ್ತೆ ನೋಡಬೇಕು. ಆಮೇಲೆ ಸ್ಕ್ಯಾನರ್ ಹಚ್ಚಬೇಕು. 0301 ಎಂದರೆ ಒಂದನೆಯ ಸಿಲಿಂಡರು, 0302 ಎಂದರೆ ಎರಡನೆಯದು. 0300 ಬಂದರೆ ದೋಷ ಒಂದೇ ಕಡೆ ನಿಂತಿಲ್ಲ. 0016 ಬಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಿಕೆಯಿಲ್ಲವೆಂದು ಯಂತ್ರವೇ ದೂರುತ್ತಿದೆ; ಆಗ ಬೆಲ್ಟಿನ ಗುರುತುಗಳನ್ನು ಮೊದಲು ನೋಡಬೇಕು. ಒಂದೇ ಸಿಲಿಂಡರು ತಪ್ಪುತ್ತಿದ್ದರೆ ಅದರ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿ ನೋಡಲಿ. ದೋಷ ಕಾಯಿಲಿನ ಜೊತೆಗೇ ಹೋದರೆ ಕಾಯಿಲು ಕೆಟ್ಟಿದೆ. ಹೋಗದಿದ್ದರೆ ಹೊಸ ಕಾಯಿಲು ಕೊಂಡ ಹಣ ನೀರುಪಾಲು.

ನಿಂತಲ್ಲಿ ಸರಿಯಾಗಿದ್ದು ಕಾತ್ರಜ್ ಘಾಟಿನ ಏರಿನಲ್ಲಿ ಮಾತ್ರ ಮುಗ್ಗರಿಸಿದರೆ ಟರ್ಬೋದ ಕಡೆ ನೋಡಬೇಕು. ಟರ್ಬೋ ಎಂದರೆ ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಇಂಜಿನಿಗೆ ಗಾಳಿ ಒತ್ತುವ ಬ್ಲೋಯರು. ಕೊಳವೆಯ ಕ್ಲಿಪ್ಪು ಸಡಿಲವಿದ್ದರೆ ಒತ್ತಿದ ಗಾಳಿ ಸೋರಿ, ಪೆಟ್ರೋಲಿನ ಲೆಕ್ಕ ತಪ್ಪಬಹುದು. ಗಾಳಿ ಒತ್ತಾದಷ್ಟೂ ಕಿಡಿ ಹಾರುವುದೂ ಕಷ್ಟ. ದುರ್ಬಲ ಪ್ಲಗ್ಗು ಏರಿನಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟರಲ್ಲಿಯೂ ಸಿಗದಿದ್ದರೆ ಕಂಪ್ರೆಷನ್ ಅಳೆಯಬೇಕು. ಎಲ್ಲ ಸಿಲಿಂಡರುಗಳಲ್ಲೂ ಸಮನಾಗಿ ಕಡಿಮೆಯಿದ್ದರೆ ಬೆಲ್ಟಿನ ಹಲ್ಲಿನ ಮೇಲೆ ಸಂಶಯ. ಒಂದರಲ್ಲಿ ಮಾತ್ರ ಬಿದ್ದಿದ್ದರೆ ಬಾಗಿದ ವಾಲ್ವಿನ ಮೇಲೆ. ದೀಪ ಮಿನುಗುತ್ತಿರುವಾಗ ಕಾರು ಓಡಿಸುವುದು ಕೂಡದು. ಉರಿಯದ ಪೆಟ್ರೋಲು ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಡುತ್ತದೆ.

ಇಷ್ಟೆಲ್ಲ ನೋಡುತ್ತ ಕುಳಿತರೆ ಹೊತ್ತು ಯಾರಪ್ಪನದು ಎಂದು ಮಾಲೀಕರು ಕೇಳಬಹುದು. ಊಹೆಯ ಮೇಲೆ ಸಾಮಾನು ಬದಲಿಸುವುದಕ್ಕೂ ಹೊತ್ತು ಬೇಕು, ಅದರ ಮೇಲೆ ಹಣವೂ ಬೇಕು ಎಂಬುದೇ ನಮ್ಮ ಉತ್ತರ. ಅಳತೆಯ ಉಪಕರಣ ಕೊಡದೆ, ತಯಾರಕರ ಕೈಪಿಡಿ ತೋರಿಸದೆ, ಹುಡುಗನನ್ನು ಅಂದಾಜಿನ ಮೇಲೆ ದುಡಿಸಿ, ಅಂದಾಜು ತಪ್ಪಿದಾಗ ಅವನ ಪಗಾರಕ್ಕೆ ಕೈಹಾಕುವುದು ಅನ್ಯಾಯ. ನಷ್ಟದ ಹೆಸರಿನಲ್ಲಿ ಕಡಿತ ಮಾಡಬೇಕಾದರೆ ಆ ನಷ್ಟ ಕಾರ್ಮಿಕನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಸಮಜಾಯಿಷಿಯನ್ನು ಮೊದಲು ಕೇಳಬೇಕು, ನಷ್ಟಕ್ಕಿಂತ ಹೆಚ್ಚು ಕಡಿಯಬಾರದು ಎಂದು 1936ರ ವೇತನ ಪಾವತಿ ಕಾಯಿದೆ ವಿಧಿಸಿತ್ತು. ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯೂ ಈ ರಕ್ಷಣೆಯನ್ನು ಉಳಿಸಿಕೊಂಡಿದೆ. ಕಾರು ಮುಗ್ಗರಿಸಿತು ಎಂಬುದು ಅಲಕ್ಷ್ಯಕ್ಕೆ ಸಾಕ್ಷಿಯಲ್ಲ. ಯಾವ ಅಳತೆಯಲ್ಲಿ ಏನು ಕಂಡಿತೆಂಬುದೇ ಸಾಕ್ಷಿ.

ಇದರ ಜೊತೆಗೆ ನಮ್ಮ ಹುಡುಗರಿಗೂ ಒಂದು ಮಾತು. ಕಾರ್ಮಿಕನೆಂಬ ಕಾರಣಕ್ಕೆ ಅಜಾಗರೂಕತೆಯನ್ನು ನಾವು ಸಮರ್ಥಿಸುವುದಿಲ್ಲ. ಬೆಲ್ಟ್ ಹಾಕಿದೊಡನೆ ಕೀಲಿ ತಿರುಗಿಸಬೇಡಿ. ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೋ ನೋಡಿ. ನಡುವೆ ಏನಾದರೂ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿ. ಕಂಡ ಕೋಡನ್ನೂ ಅಳತೆಯನ್ನೂ ಬರೆದಿಡಿ. ಟ್ಯಾಕ್ಸಿಯ ಬಂಧುಗಳು ಆ ಬರಹವನ್ನು ಬಿಲ್ಲಿನ ಮೇಲೆ ಕೇಳಿ ಪಡೆಯಲಿ, ಬದಲಿಸಿದ ಹಳೆಯ ಸಾಮಾನನ್ನೂ ಕೇಳಲಿ. ಬರೆದ ಆ ನಾಲ್ಕು ಅಂಕಿಗಳು ಒಬ್ಬನ ಕಂತನ್ನೂ ಇನ್ನೊಬ್ಬನ ಪಗಾರವನ್ನೂ ಕಾಯಬಲ್ಲವು.